ಕಾಸರಗೋಡಿನಲ್ಲಿ ಫ್ರೀಲಾನ್ಸ್ ಫೋಟೊಗ್ರಫಿ: ಕ್ಯಾಮೆರಾ ಕೊಳ್ಳುವ ಮೊದಲಿನಿಂದ ಬಾಕಿ ಹಣ ಕೈಸೇರುವವರೆಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಎಲ್ಲಿ ಹೋದರೂ ಚೆನ್ನಾಗಿ ಫೋಟೊ ತೆಗೆಯುವ ಹುಡುಗ ಹುಡುಗಿಯರು ಸಿಗುತ್ತಾರೆ. ಅದರಿಂದಲೇ ಮನೆ ನಡೆಸುವವರು ಮಾತ್ರ ಕಡಿಮೆ. ಎರಡು ಸೀಸನ್ ಓಡಾಡಿ, ಮೂರನೆಯದಕ್ಕೆ ಕ್ಯಾಮೆರಾ ಮಾರುವವರೇ ಜಾಸ್ತಿ. ಅವರ ಫೋಟೊ ಕೆಟ್ಟದಾಗಿರುವುದಿಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ. ಮೊದಲು ಕಂತಿನಲ್ಲಿ ಕ್ಯಾಮೆರಾ ಬರುತ್ತದೆ. ಆಮೇಲೆ ಇನ್‌ಸ್ಟಾಗ್ರಾಮ್ ಪುಟ. ಆಮೇಲೆ ಪಕ್ಕದವರಿಗಿಂತ ಎರಡು ಸಾವಿರ ಕಡಿಮೆ ದರ. ಕೊನೆಗೆ ಬಾಕಿ ಹಣಕ್ಕಾಗಿ ಫೋನ್ ಮೇಲೆ ಫೋನ್.

ಅದಕ್ಕೇ ಈ ಬರಹದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೇ ಹೆಚ್ಚು ಜಾಗ. ಹಂತಗಳನ್ನು ದಾಟಿ ಓದಬೇಡಿ. ಹತ್ತನೆಯದು ಗೊತ್ತಿದ್ದು ನಾಲ್ಕನೆಯದು ಬಿಟ್ಟುಹೋದರೆ ನಷ್ಟ ನಿಮ್ಮದೇ.

ಹಂತ 1: ಕೆಲಸ ಆರಿಸಿ, ವರ್ಷದ ಕ್ಯಾಲೆಂಡರ್ ಬರೆಯಿರಿ

ನಮ್ಮ ಜಿಲ್ಲೆಯಲ್ಲಿ ಹಣ ತರುವ ಕೆಲಸಗಳು ಬೇರೆ ಬೇರೆ ಬಗೆಯವು. ಮನೆಯ ಕಾರ್ಯಕ್ರಮಗಳಿವೆ: ಮದುವೆ, ಉಪನಯನ, ಗೃಹಪ್ರವೇಶ, ಸೀಮಂತ. ಊರಿನ ಕಾರ್ಯಕ್ರಮಗಳಿವೆ: ಬ್ರಹ್ಮಕಲಶೋತ್ಸವ, ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ಯಕ್ಷಗಾನ. ಇನ್ನೊಂದು ವ್ಯಾಪಾರದ ಕೆಲಸ: ಬೇಕಲದ ಕಡೆಯ ಹೋಮ್‌ಸ್ಟೇ, ಪೇಟೆಯ ಚಿನ್ನದಂಗಡಿ, ಬೇಕರಿ, ಹೋಟೆಲಿನ ಮೆನು, ಕಾಸರಗೋಡು ಸೀರೆ ಮಾರುವವರ ಆನ್‌ಲೈನ್ ಪುಟ. ಎಲ್ಲವನ್ನೂ ಮಾಡುತ್ತೇನೆ ಎಂದು ಹೊರಟರೆ ಯಾವುದಕ್ಕೂ ನಿಮ್ಮ ಹೆಸರು ನೆನಪಾಗುವುದಿಲ್ಲ.

ಆರಿಸುವ ಮೊದಲು ಒಂದು ಹಾಳೆಯಲ್ಲಿ 12 ತಿಂಗಳು ಬರೆಯಿರಿ. ಯಕ್ಷಗಾನ ಮೇಳಗಳ ತಿರುಗಾಟ ಹೆಚ್ಚಾಗಿ ದೀಪಾವಳಿ ಆಸುಪಾಸಿನಲ್ಲಿ ಶುರುವಾಗಿ ಮೇ ಕೊನೆಯಲ್ಲಿ ಬರುವ ತುಳುವರ ಪತ್ತನಾಜೆ ದಿನಕ್ಕೆ ನಿಲ್ಲುತ್ತದೆ. ಮಲಯಾಳಿಗಳ ದೈವಾರಾಧನೆಯಾದ ತೆಯ್ಯಂ ಸೀಸನ್ ಅವರ ತುಲಾ ತಿಂಗಳ 10ಕ್ಕೆ, ಅಂದರೆ ಅಕ್ಟೋಬರ್ ಕೊನೆಗೆ ಆರಂಭ. ಆಟಿ ತಿಂಗಳಲ್ಲಿ, ಅಂದರೆ ಮಲಯಾಳಿಗಳ ಕರ್ಕಿಟಕದಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ), ಹಿಂದೂ ಮನೆಗಳಲ್ಲಿ ಮದುವೆ ಇಲ್ಲ ಎನ್ನುವಷ್ಟು ಕಡಿಮೆ. ಮುಸ್ಲಿಂ ಮದುವೆಗಳು ರಂಜಾನ್ ಬಿಟ್ಟು ನಡೆಯುತ್ತವೆ, ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಕೊಂಕಣಿ ಕ್ರೈಸ್ತರು ಈಸ್ಟರ್‌ಗೆ ಮೊದಲಿನ ತಪಸ್ಸಿನ ಕಾಲದಲ್ಲಿ ಸಾಮಾನ್ಯವಾಗಿ ಮದುವೆ ಇಡುವುದಿಲ್ಲ. ಗಲ್ಫಿನಲ್ಲಿರುವ ಕುಟುಂಬಗಳು ರಜೆ ನೋಡಿ ದಿನ ಗೊತ್ತು ಮಾಡುತ್ತವೆ.

ಇಷ್ಟು ಬರೆದರೆ ಒಂದು ಮಾತು ತಾನಾಗಿ ಕಾಣುತ್ತದೆ. ಒಂದೇ ಸಮುದಾಯದ ಮದುವೆಯನ್ನೇ ನಂಬಿದರೆ ವರ್ಷದಲ್ಲಿ ಉದ್ದದ ಖಾಲಿ ತಿಂಗಳುಗಳಿವೆ. ನನ್ನ ಸಲಹೆ ಸರಳ: ಒಂದು ಮನೆಯ ಕಾರ್ಯಕ್ರಮ, ಒಂದು ವ್ಯಾಪಾರದ ಕೆಲಸ. ಹೋಮ್‌ಸ್ಟೇ ಕೋಣೆ, ತಿಂಡಿ, ಆಭರಣದ ಫೋಟೊಗಳನ್ನು ಮಳೆಗಾಲದಲ್ಲೂ ಮನೆಯೊಳಗೆ ತೆಗೆಯಬಹುದು, ಅಲ್ವಾ?

ಹಂತ 2: ಒಂದು ಸೀಸನ್ ಅನುಭವಸ್ಥರ ಜೊತೆ ಹೋಗಿ

ಸ್ವಂತ ಕ್ಯಾಮೆರಾ ಇಲ್ಲದಿದ್ದರೂ ಈ ಹಂತ ಆಗುತ್ತದೆ. ಲೈಟ್ ಹಿಡಿಯಿರಿ, ಬ್ಯಾಗ್ ಹೊರಿರಿ, ಎರಡನೇ ಕ್ಯಾಮೆರಾ ಕೊಟ್ಟರೆ ಹಿಡಿಯಿರಿ. ಕಲಿಯಬೇಕಾದದ್ದು ಸೆಟ್ಟಿಂಗ್ ಅಲ್ಲ, ಅದು ವಿಡಿಯೊ ನೋಡಿಯೂ ಬರುತ್ತದೆ. ಕಲಿಯಬೇಕಾದದ್ದು ಶಾಸ್ತ್ರದ ಅನುಕ್ರಮ.

ಇಲ್ಲಿ ಒಂದೇ ವಾರದಲ್ಲಿ ಹವ್ಯಕರ ಮದುವೆ, ತುಳುವರ ಧಾರೆ, ಮಲಯಾಳಿಗಳ ತಾಳಿಕಟ್ಟು, ನಿಕಾಹ್, ಚರ್ಚಿನ ಮದುವೆ ಎಲ್ಲವೂ ಬರಬಹುದು. ಒಂದು ಕಡೆ ವಿಧಿಗಳು ಗಂಟೆಗಟ್ಟಲೆ ನಡೆಯುತ್ತವೆ. ಇನ್ನೊಂದು ಕಡೆ ಮಂಟಪಕ್ಕೆ ಬಂದ ಕೆಲವೇ ನಿಮಿಷಗಳಲ್ಲಿ ತಾಳಿ ಕಟ್ಟಿ ಮುಗಿಯುತ್ತದೆ. ಅಂತಃಪಟ ಯಾವಾಗ ಸರಿಯುತ್ತದೆ, ಧಾರೆಯ ನೀರು ಬೀಳುವಾಗ ಯಾವ ಬದಿಯಲ್ಲಿ ನಿಂತರೆ ಕೈಗಳು ಕಾಣುತ್ತವೆ, ನಿಕಾಹ್ ವೇಳೆ ವರ ಮತ್ತು ವಧುವಿನ ತಂದೆ ಕೈ ಹಿಡಿಯುವುದು ಯಾವ ಕ್ಷಣದಲ್ಲಿ: ಇವನ್ನು ಒಂದು ಪುಸ್ತಕದಲ್ಲಿ ಸಮುದಾಯಕ್ಕೊಂದು ಪುಟ ಮಾಡಿ ಬರೆದುಕೊಳ್ಳಿ. ಪುರೋಹಿತರನ್ನು ಮೊದಲೇ ಕೇಳಿದರೆ ಪ್ರೀತಿಯಿಂದ ಹೇಳುತ್ತಾರೆ. ವಿಧಿ ನಡೆಯುವಾಗ "ಭಟ್ರೇ, ಸ್ವಲ್ಪ ಈ ಕಡೆ ತಿರುಗಿ" ಎಂದರೆ ಸಿಟ್ಟು ಬರುವುದು ಸಹಜ.

ಹೆಣ್ಣುಮಕ್ಕಳಿಗೆ ಒಂದು ಮಾತು. ಮುಸ್ಲಿಂ ಮದುವೆಗಳಲ್ಲಿ ಹೆಂಗಸರ ವಿಭಾಗಕ್ಕೆ, ಮೆಹಂದಿಗೆ, ಯಾವುದೇ ಸಮುದಾಯದ ವಧುವಿನ ಅಲಂಕಾರದ ಕೋಣೆಗೆ ಮಹಿಳಾ ಫೋಟೊಗ್ರಾಫರೇ ಬೇಕು ಎಂದು ಕೇಳುವ ಮನೆಗಳಿವೆ. ಈ ಕೆಲಸವನ್ನು ಯಾರದೋ ಸಹಾಯಕಿಯಾಗಿ ಅಲ್ಲ, ನಿಮ್ಮದೇ ಪ್ಯಾಕೇಜ್ ಆಗಿ ಕಟ್ಟಿ.

ಈ ಹಂತದ ದೊಡ್ಡ ತಪ್ಪು: ನಿಮ್ಮನ್ನು ಕರೆದುಕೊಂಡು ಹೋದವರ ಗಿರಾಕಿಗೆ ನಿಮ್ಮ ನಂಬರ್ ಕೊಡುವುದು. ಊರು ಸಣ್ಣದು. ಮುಂದೆ ಕಾಯಿಲೆ ಬಿದ್ದ ದಿನ ನಿಮ್ಮ ಬದಲು ಹೋಗುವವರು ಇದೇ ಜನ.

ಹಂತ 3: ಸಲಕರಣೆ, ಬಾಡಿಗೆ ಮೊದಲು, ಖರೀದಿ ಆಮೇಲೆ

ಮದುವೆಗೆ ಬೇಕಾದ ಕನಿಷ್ಠ ಸೆಟ್ ಇದು. ಎರಡು ಕಾರ್ಡ್ ಸ್ಲಾಟ್ ಇರುವ ಒಂದು ಕ್ಯಾಮೆರಾ. ಅದು ಕೆಟ್ಟರೆ ಕೈಗೆ ಬರಲು ಇನ್ನೊಂದು ಬಾಡಿ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾ), ಇದು ಬಾಡಿಗೆಯದ್ದಾದರೂ ಸಾಕು. 24-70 ಎಂ.ಎಂ. ಎಫ್ 2.8 ಜೂಮ್ ಲೆನ್ಸ್, ಇಲ್ಲದಿದ್ದರೆ 35 ಮತ್ತು 85 ಎಂ.ಎಂ. ಪ್ರೈಮ್ (ಜೂಮ್ ಆಗದ) ಲೆನ್ಸ್‌ಗಳು. ಎರಡು ಫ್ಲ್ಯಾಶ್, ದೂರದಲ್ಲಿಟ್ಟ ಫ್ಲ್ಯಾಶ್ ಹೊತ್ತಿಸುವ ಒಂದು ಟ್ರಿಗರ್, ನಾಲ್ಕು ಬ್ಯಾಟರಿ. ಹಳೆಯ ಬಾಡಿ ಕೊಳ್ಳುವುದಾದರೆ ಶಟರ್ ಕೌಂಟ್, ಅಂದರೆ ಈವರೆಗೆ ಎಷ್ಟು ಕ್ಲಿಕ್ ಆಗಿದೆ ಎಂದು ಕೇಳಿ. ಮಧ್ಯಮ ದರ್ಜೆಯ ಕ್ಯಾಮೆರಾಗಳ ಶಟರ್‌ಗೆ ಕಂಪನಿಗಳು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಲಕ್ಷ ಕ್ಲಿಕ್ ಬಾಳಿಕೆ ಹೇಳುತ್ತವೆ. ಒಂದು ಮದುವೆಗೆ ಮೂರು ಸಾವಿರ ಕ್ಲಿಕ್ ಸುಲಭವಾಗಿ ಆಗುತ್ತದೆ, ಲೆಕ್ಕ ಹಾಕಿ ನೋಡಿ.

ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಬೇಕಾಗುವ 70-200 ಲೆನ್ಸ್, ವಿಡಿಯೊ ಅಲುಗದಂತೆ ಕ್ಯಾಮೆರಾ ಹಿಡಿಯುವ ಗಿಂಬಲ್ ಇವೆಲ್ಲ ಬಾಡಿಗೆಗೆ ಸಿಗುವಾಗ ಕಂತು ಕಟ್ಟಬೇಡಿ. ಡ್ರೋನ್‌ನಲ್ಲಿ ಇನ್ನೂ ಎಚ್ಚರ ಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಭಾರದ ಡ್ರೋನನ್ನು ಹಣದ ಕೆಲಸಕ್ಕೆ ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು, ಡ್ರೋನ್‌ಗೂ ನೋಂದಣಿ ಬೇಕು. ಇವೆರಡೂ ಇರುವವರನ್ನು ಆ ದಿನಕ್ಕೆ ಗೊತ್ತುಮಾಡಿ, ಅವರ ಹಣವನ್ನು ಬಿಲ್ಲಿಗೆ ಸೇರಿಸಿ.

ಇಲ್ಲಿ ಲೆನ್ಸಿನ ದೊಡ್ಡ ಶತ್ರು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿ, ಬಟ್ಟೆಯ ಬ್ಯಾಗಿನಲ್ಲಿ, ಚರ್ಮದ ಕೇಸಿನಲ್ಲಿ ಇಟ್ಟ ಲೆನ್ಸಿನ ಒಳಗೆ ಜೇಡರ ಬಲೆಯಂಥ ಎಳೆಗಳು ಹಬ್ಬುತ್ತವೆ. ತೇವ ತೆಗೆಯುವ ವಿದ್ಯುತ್ ಕಪಾಟು, ಅಂದರೆ ಡ್ರೈ ಕ್ಯಾಬಿನೆಟ್ ಕೊಳ್ಳಲು ಆಗದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಮೀಟರ್ ಸಾಕು. ಮೀಟರ್ ಶೇಕಡಾ 40ರಿಂದ 50ರ ನಡುವೆ ಇರಲಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಿ. ಬೂಷ್ಟು ಕಂಡ ಲೆನ್ಸನ್ನು ಕೂಡಲೇ ಉಳಿದವುಗಳಿಂದ ದೂರ ಇಡಿ.

ಹಂತ 4: ದರ ಲೆಕ್ಕ ಹಾಕಿ, ಯಾರನ್ನೂ ನೋಡಿ ನಕಲು ಮಾಡಬೇಡಿ

ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. "ಅವರು 15 ಸಾವಿರ ತಗೊಳ್ತಾರೆ, ನಾನು 12ಕ್ಕೆ ಮಾಡ್ತೇನೆ" ಎಂಬುದು ದರ ಅಲ್ಲ, ಊಹೆ. ಅವರ ಕ್ಯಾಮೆರಾ ಸಾಲ ತೀರಿರಬಹುದು. ಮನೆಯಲ್ಲಿ ಇನ್ನೊಂದು ಸಂಬಳ ಇರಬಹುದು.

ಪೆನ್ನು ಹಿಡಿಯಿರಿ. ಇದು ಉದಾಹರಣೆಯ ಲೆಕ್ಕ, ನಿಮ್ಮ ಅಂಕಿ ಬೇರೆ ಇರುತ್ತದೆ. ಸಲಕರಣೆಗೆ ಮೂರು ಲಕ್ಷ, ಐದು ವರ್ಷ ಬಾಳಿಕೆ ಎಂದುಕೊಂಡರೆ ವರ್ಷಕ್ಕೆ 60,000. ರಿಪೇರಿ ಮತ್ತು ವಿಮೆ 20,000. ಕಂಪ್ಯೂಟರ್, ಸಾಫ್ಟ್‌ವೇರ್, ಹಾರ್ಡ್ ಡಿಸ್ಕ್, ಇಂಟರ್ನೆಟ್ 40,000. ಗಿರಾಕಿ ಭೇಟಿಯ ಓಡಾಟ, ಫೋನ್ 30,000. ಮನೆಗೆ ತಿಂಗಳಿಗೆ 25,000 ಬೇಕಾದರೆ ವರ್ಷಕ್ಕೆ 3,00,000. ಒಟ್ಟು 4,50,000. ವರ್ಷದಲ್ಲಿ ಹಣ ಬರುವ ದಿನ 45 ಎಂದುಕೊಳ್ಳಿ. ದಿನಕ್ಕೆ 10,000 ಆಯಿತು.

ಇದರ ಮೇಲೆ ಆ ಕೆಲಸದ ನೇರ ಖರ್ಚು ಬೇರೆ: ಸಹಾಯಕರ ಸಂಬಳ, ಬಾಡಿಗೆ ಸಲಕರಣೆ, ಪೆಟ್ರೋಲ್, ಆಲ್ಬಂ ಪ್ರಿಂಟ್. ಮಂಗಳೂರಿನ ಹಾಲ್ ಆದರೆ ತಲಪಾಡಿಯ ಟೋಲ್. ಇವನ್ನು ಹತ್ತು ಸಾವಿರದ ಒಳಗೆ ತುರುಕಿದರೆ ನಿಮ್ಮ ಮನೆಯ ಖರ್ಚಿನಿಂದ ಕಳೆದ ಹಾಗೆ.

"ಒಂದು ದಿನಕ್ಕೆ ಇಷ್ಟಾ?" ಎಂದು ಕೇಳುವವರಿಗೆ ಸಮಾಧಾನದಿಂದ ಹೇಳಿ: ಮದುವೆ ಒಂದು ದಿನ, ಆಯ್ಕೆ, ಎಡಿಟಿಂಗ್ ಮತ್ತು ಆಲ್ಬಂ ಸೇರಿ ಇನ್ನೂ ಮೂರು ನಾಲ್ಕು ದಿನ. ಇದು ನಿಜ. ನಿಜವನ್ನು ಹೇಳಲು ಹಿಂಜರಿಯಬೇಡಿ.

ಚೌಕಾಸಿ ಬಂದಾಗ ದರ ಇಳಿಸುವ ಬದಲು ಕೆಲಸ ಇಳಿಸಿ. ಆಲ್ಬಂ ಹಾಳೆ ಕಡಿಮೆ ಮಾಡಿ. ರಿಸೆಪ್ಷನ್ ಬಿಟ್ಟು ಮುಹೂರ್ತಕ್ಕೆ ಮಾತ್ರ ಬನ್ನಿ. ಸುಮ್ನೆ ಇಳಿಸಿದ ದರ ಮುಂದಿನ ಮನೆಗೆ ನಿಮಗಿಂತ ಮೊದಲೇ ತಲುಪುತ್ತದೆ. ನೆಂಟರ ಮದುವೆ ಬಂದರೆ ಉಡುಗೊರೆಯಾಗಿ ಪೂರ್ತಿ ಉಚಿತ ಮಾಡಿ, ಇಲ್ಲವೇ ಪೂರ್ತಿ ದರ ತೆಗೆದುಕೊಳ್ಳಿ. ಅರ್ಧ ದರದ ಕೆಲಸದಲ್ಲಿ ಇಬ್ಬರಿಗೂ ಅಸಮಾಧಾನ.

ಹಂತ 5: ಕಾಗದಪತ್ರ

ಇದಕ್ಕೆ ಹೆದರುವವರು ಜಾಸ್ತಿ, ಕೆಲಸ ನಿಜವಾಗಿ ಸಣ್ಣದು. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಆಧಾರ್ ಮೂಲಕ ಸರ್ಕಾರದ ಪೋರ್ಟಲ್‌ನಲ್ಲಿ ಉಚಿತವಾಗಿ ಆಗುತ್ತದೆ. ಅದಕ್ಕೆ ಸಾವಿರಗಟ್ಟಲೆ ಕೇಳುವ ವೆಬ್‌ಸೈಟ್‌ಗಳು ಸರ್ಕಾರದ್ದಲ್ಲ. ಕೈಲಾಗದಿದ್ದರೆ ಹತ್ತಿರದ ಅಕ್ಷಯ ಕೇಂದ್ರಕ್ಕೆ ಹೋಗಿ. ಅಂಗಡಿ ತೆರೆದು ಬೋರ್ಡ್ ಹಾಕುವುದಾದರೆ ಪಂಚಾಯತ್ ಅಥವಾ ನಗರಸಭೆಯ ಲೈಸೆನ್ಸ್ ಬೇಕು.

ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಗಡಿಯಲ್ಲಿರುವ ನಮಗೆ ಬರುವ ಪ್ರಶ್ನೆ ಇನ್ನೊಂದು: ಪುತ್ತೂರು, ಮಂಗಳೂರಿನಲ್ಲಿ ಕೆಲಸ ಮಾಡಿದರೆ ಅದು ಬೇರೆ ರಾಜ್ಯ, ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕೇ? ಸೇವೆ ಕೊಡುವವರಿಗೆ ಬೇಡ. 2017ರಲ್ಲೇ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, 20 ಲಕ್ಷದ ಒಳಗಿನವರಿಗೆ ಅಂತರರಾಜ್ಯ ಸೇವೆಯಲ್ಲೂ ವಿನಾಯಿತಿ ಕೊಟ್ಟಿದೆ. ಆದಾಯ ತೆರಿಗೆಗೆ ವರ್ಷಕ್ಕೊಮ್ಮೆ ಆಡಿಟರ್ ನೋಡಲಿ. ನಿಮ್ಮ ಕೆಲಸ ಪ್ರತಿ ಬಿಲ್ಲನ್ನೂ ಜೋಪಾನ ಮಾಡುವುದು.

ಹಂತ 6: ತೋರಿಸಲು 25 ಫೋಟೊ

ನೂರು ಫೋಟೊ ಬೇಡ. ನೀವು ಮಾರಬೇಕೆಂದಿರುವ ಕೆಲಸದ 25 ಒಳ್ಳೆಯ ಫೋಟೊ ಸಾಕು. ಮದುವೆ ಕೆಲಸ ಬೇಕಾದವರು ಪೊಸಡಿಗುಂಪೆ ಗುಡ್ಡದ ಸೂರ್ಯಾಸ್ತ ಎಷ್ಟು ಹಾಕಿದರೂ ಯಾರೂ ಮದುವೆಗೆ ಕರೆಯುವುದಿಲ್ಲ. ಗಿರಾಕಿ ನೋಡುವುದು ಮುಖ, ಮೈಬಣ್ಣ, ರಾತ್ರಿ ಹಾಲ್ ಬೆಳಕಿನಲ್ಲಿ ಅಜ್ಜಿಯ ಸೀರೆ ಹೇಗೆ ಕಾಣುತ್ತದೆ ಎಂಬುದು. ಬೇರೆ ಸ್ಟುಡಿಯೊಗಾಗಿ ತೆಗೆದದ್ದನ್ನು ಅವರ ಒಪ್ಪಿಗೆ ಇಲ್ಲದೆ ನಿಮ್ಮ ಪುಟಕ್ಕೆ ಹಾಕಬೇಡಿ.

ಫೋಟೊ ಕಲೆಹಾಕಲು ಯಕ್ಷಗಾನ, ತೆಯ್ಯಂ, ಕೋಲಗಳು ಒಳ್ಳೆಯ ಶಾಲೆ. ಕೆಲವು ಎಚ್ಚರಿಕೆ ಬೇಕು. ದೈವದ ಮನೆಯವರ, ಕಟ್ಟುವವರ ಅನುಮತಿ ಮೊದಲೇ ಪಡೆಯಿರಿ. ಬಣ್ಣ ಬಳಿಯುವ ಜಾಗಕ್ಕೆ ಕರೆಯದೆ ನುಗ್ಗಬೇಡಿ. ಫ್ಲ್ಯಾಶ್ ಬೇಡ. ಎಫ್ 1.8 ಲೆನ್ಸ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200ರಿಂದ 6400, ಶಟರ್ ವೇಗ 1/250 ಸೆಕೆಂಡ್ ಆಸುಪಾಸು ಇಟ್ಟರೆ ದೀವಟಿಗೆ ಬೆಳಕಿನಲ್ಲೂ ಚಲನೆ ನಿಲ್ಲುತ್ತದೆ. ಇನ್ನೊಂದು ಸೂಕ್ಷ್ಮ: ತೆಯ್ಯಂನ ಕೆಂಪು ಬಣ್ಣ ಕ್ಯಾಮೆರಾಕ್ಕೆ ಕಷ್ಟ. ಫೋಟೊದ ಬೆಳಕು ಕತ್ತಲೆ ತೋರಿಸುವ ಗ್ರಾಫ್, ಅಂದರೆ ಸಾಮಾನ್ಯ ಹಿಸ್ಟೊಗ್ರಾಂ ಸರಿಯಾಗಿಯೇ ಕಾಣುತ್ತದೆ, ಕೆಂಪು ಚಾನೆಲ್ ಮಾತ್ರ ಮಿತಿಮೀರಿ ಹೋಗಿರುತ್ತದೆ. ಮುಖದ ಗೆರೆಗಳೆಲ್ಲ ಸೇರಿ ಒಂದೇ ಕೆಂಪು ತೇಪೆಯಾಗುತ್ತದೆ. ಕೆಂಪು, ಹಸಿರು, ನೀಲಿ ಬೇರೆಬೇರೆಯಾಗಿ ತೋರಿಸುವ ಆರ್‌ಜಿಬಿ ಹಿಸ್ಟೊಗ್ರಾಂ ನೋಡಿ ಸ್ವಲ್ಪ ಕತ್ತಲಾಗಿ ತೆಗೆಯಿರಿ, ಕ್ಯಾಮೆರಾ ಕುಗ್ಗಿಸದೆ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ.

ಬೇಕಲ ಕೋಟೆಯಲ್ಲಿ ಮದುವೆ ಮೊದಲಿನ ಶೂಟ್ ಮಾಡಬೇಕೆಂಬ ಆಸೆ ಎಲ್ಲರಿಗೂ. ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸುಪರ್ದಿಯಲ್ಲಿದೆ. ಟ್ರೈಪಾಡ್, ಲೈಟ್, ಡ್ರೋನ್ ಎಂದ ಕೂಡಲೇ ಮುಂಚಿತ ಅನುಮತಿಯ ವಿಷಯ ಬರುತ್ತದೆ. ವಧು ವರರನ್ನು ಅಲಂಕಾರ ಮಾಡಿಸಿ ಗೇಟಿನಲ್ಲಿ ನಿಲ್ಲಿಸುವ ಮೊದಲು ಕೇಳಿ ತಿಳಿದುಕೊಳ್ಳಿ.

ಹಂತ 7: ಮೊದಲ ಗಿರಾಕಿಗಳು

ಜಾಹೀರಾತಿಗೆ ಹಣ ಸುರಿಯುವ ಮೊದಲು, ಮದುವೆ ಸುದ್ದಿ ಯಾರಿಗೆ ಮೊದಲು ಗೊತ್ತಾಗುತ್ತದೆ ಎಂದು ಯೋಚಿಸಿ. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವಷ್ಟರಲ್ಲಿ ತಡವಾಗಿರುತ್ತದೆ. ಸಭಾಭವನದ ಬುಕ್ಕಿಂಗ್ ನೋಡಿಕೊಳ್ಳುವವರು, ಪುರೋಹಿತರು, ಅಡುಗೆ ಭಟ್ಟರು, ಮದುಮಗಳ ಅಲಂಕಾರ ಮಾಡುವವರು: ಇವರಿಗೆ ಮೊದಲೇ ಗೊತ್ತು. ಅವರಿಗೆ ಕಮಿಷನ್ ಕೊಡುವುದಕ್ಕಿಂತ ಅವರ ಕೆಲಸದ ಒಳ್ಳೆಯ ಫೋಟೊ ತೆಗೆದು ಕೊಡಿ. ಹಾಲ್‌ನ ಅಲಂಕಾರ, ಎಲೆಯಲ್ಲಿ ಬಡಿಸಿದ ಊಟ, ವಧುವಿನ ಜಡೆ. ಅವರು ಅದನ್ನು ತಮ್ಮ ಗಿರಾಕಿಗೆ ತೋರಿಸುವಾಗ ನಿಮ್ಮ ಹೆಸರೂ ಹೋಗುತ್ತದೆ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ. ಊರಿನ ಹೆಸರನ್ನು ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ವಿವರಣೆಯಲ್ಲಿ ಬರೆಯಿರಿ. ಕೇಳಿದವರು ಯಾವ ಭಾಷೆಯಲ್ಲಿ ಕೇಳುತ್ತಾರೋ ಅದರಲ್ಲೇ ಉತ್ತರಿಸಿ. ಕನ್ನಡ, ತುಳು, ಮಲಯಾಳಂ ಮೂರನ್ನೂ ಮಾತಾಡುವ ಹುಡುಗನಿಗೆ ಮಂಜೇಶ್ವರದ ಹುಡುಗಿ ಮತ್ತು ಕಾಞಂಗಾಡಿನ ಹುಡುಗನ ಮದುವೆಯಲ್ಲಿ ಎರಡೂ ಕಡೆಯ ಹಿರಿಯರನ್ನು ನಿಲ್ಲಿಸಿ ಗುಂಪು ಫೋಟೊ ತೆಗೆಯುವುದು ಸಲೀಸು. ದೂರದ ಊರಿನಿಂದ ಬಂದ ದುಬಾರಿ ತಂಡಕ್ಕೆ ಇದು ಆಗುವುದಿಲ್ಲ. ಇದನ್ನು ನಾಚದೆ ಹೇಳಿಕೊಳ್ಳಿ.

ಫೋನಿನಲ್ಲಿ "ಅಣ್ಣಾ, ರೇಟ್ ಎಷ್ಟು?" ಎಂದು ಕೇಳಿದರೆ ಕೂಡಲೇ ಅಂಕಿ ಹೇಳಬೇಡಿ. "ಯಾವ ದಿನ, ಎಲ್ಲಿ, ಎಷ್ಟು ಹೊತ್ತು, ಎಷ್ಟು ಜನ, ವಿಡಿಯೊ ಬೇಕಾ, ಆಲ್ಬಂ ಬೇಕಾ? ಹೇಳಿ, ಸಂಜೆಯೊಳಗೆ ಬರೆದು ಕಳಿಸ್ತೇನೆ" ಎನ್ನಿ. ಸಂಜೆಯೊಳಗೆ ಕಳಿಸಿಯೇ ತೀರಿ.

ಆಲ್ ಕೇರಳ ಫೋಟೊಗ್ರಾಫರ್ಸ್ ಅಸೋಸಿಯೇಷನ್, ಗಡಿಯ ಆ ಕಡೆ ಸೌತ್ ಕೆನರಾ ಫೋಟೊಗ್ರಾಫರ್ಸ್ ಅಸೋಸಿಯೇಷನ್ ಇವೆ. ನಿಮ್ಮ ಕಡೆಯ ಸಂಘವನ್ನು ಸೇರಿ. ಒಂದೇ ಮುಹೂರ್ತಕ್ಕೆ ಹತ್ತು ಮದುವೆ ಬಿದ್ದ ದಿನ ಕೆಲಸ ಕೈ ಬದಲಾಗುವುದು ಇಂಥ ಬಳಗದೊಳಗೇ.

ಹಂತ 8: ಒಂದು ಪುಟದ ಒಪ್ಪಂದ

"ನಮ್ಮವರೇ ಅಲ್ವಾ, ಬರೆಯುವುದೇನು?" ಎಂಬ ಮಾತಿಗೆ ಕರಗಬೇಡಿ. ಬರೆಯುವುದು ಅಪನಂಬಿಕೆಯಲ್ಲ, ಮರೆವಿಗೆ ಮದ್ದು. ಕನ್ನಡದಲ್ಲಿ, ಬೇಕಾದರೆ ಮಲಯಾಳಂನಲ್ಲಿ, ಒಂದೇ ಪುಟ. ಇಷ್ಟು ಇರಲಿ: ದಿನ, ಜಾಗ, ಬರುವ ಮತ್ತು ಹೊರಡುವ ಹೊತ್ತು. ಎಷ್ಟು ಜನ ಬರುತ್ತೀರಿ. ಎಷ್ಟು ಎಡಿಟ್ ಮಾಡಿದ ಫೋಟೊ, ಆಲ್ಬಂ ಎಷ್ಟು ಹಾಳೆ, ಯಾವಾಗ ಸಿಗುತ್ತದೆ. ಆಲ್ಬಂಗೆ ಎಷ್ಟು ಸಲ ತಿದ್ದುಪಡಿ, ಎರಡು ಸಾಕು. ಹೆಚ್ಚಿನ ಗಂಟೆಗೆ ಎಷ್ಟು. ದಿನ ಮುಂದೆ ಹೋದರೆ, ರದ್ದಾದರೆ ಅಡ್ವಾನ್ಸ್ ಏನಾಗುತ್ತದೆ. ಹರತಾಳ ಅಥವಾ ಮಳೆಯಿಂದ ರಸ್ತೆ ಬಂದ್ ಆದರೆ ಏನು ಮಾಡುವುದು. ನೀವು ಕಾಯಿಲೆ ಬಿದ್ದರೆ ಬದಲು ಯಾರು ಬರುತ್ತಾರೆ.

ಹಣ ಮೂರು ಕಂತು. ದಿನ ಹಿಡಿಯಲು ಒಂದು ಭಾಗ, ಕಾರ್ಯಕ್ರಮದ ಹಿಂದಿನ ದಿನದೊಳಗೆ ದೊಡ್ಡ ಭಾಗ, ಆಲ್ಬಂ ಪ್ರಿಂಟಿಗೆ ಹೋಗುವ ಮೊದಲು ಉಳಿದದ್ದು. ಅಡ್ವಾನ್ಸ್ ಬಾರದೆ ದಿನ ಹಿಡಿದಿಡಬೇಡಿ.

ಹಕ್ಕುಸ್ವಾಮ್ಯದ ವಿಷಯ ಹಲವರಿಗೆ ಗೊತ್ತೇ ಇಲ್ಲ. ಒತ್ತಿದವನೇ ಒಡೆಯ ಎಂದುಕೊಂಡಿರುತ್ತಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಬೇರೆ ಮಾತು ಹೇಳುತ್ತದೆ. ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಹಾಗಾಗಿ ನಿಮ್ಮ ಪುಟದಲ್ಲಿ ಹಾಕಲು, ಸ್ಪರ್ಧೆಗೆ ಕಳಿಸಲು ಒಪ್ಪಿಗೆ ಇದೆಯೇ ಎಂಬ ಸಾಲು ಒಪ್ಪಂದದಲ್ಲೇ ಇರಬೇಕು. ಬೇಡ ಎಂದು ಟಿಕ್ ಹಾಕಲು ಜಾಗವೂ ಇರಲಿ. ಮಕ್ಕಳ ಫೋಟೊಗೆ, ಹೆಂಗಸರ ವಿಭಾಗದ ಫೋಟೊಗೆ ಬೇರೆಯಾಗಿ ಕೇಳಿ.

ಎಚ್ಚರಿಕೆಯ ಗಂಟೆ: "ಅಡ್ವಾನ್ಸ್ ಆಮೇಲೆ ನೋಡುವಾ" ಎನ್ನುವವರು. ಹಿಂದಿನ ಫೋಟೊಗ್ರಾಫರ್ ಬಗ್ಗೆ ಬರೀ ದೂರು ಹೇಳುವವರು. ಹಣ ಕೊಡುವವರು ಒಬ್ಬರು, ನಿರ್ಧಾರ ಮಾಡುವವರು ಐದು ಜನ ಇರುವ ಮನೆ. ಮೊದಲೆರಡಕ್ಕೆ ವಿನಯದಿಂದ ಇಲ್ಲ ಎನ್ನಿ. ಮೂರನೆಯದಕ್ಕೆ, ಸಹಿ ಮಾಡಿದವರ ಮಾತೇ ಕೊನೆ ಎಂದು ಬರೆಸಿಕೊಳ್ಳಿ.

ಹಂತ 9: ಆ ದಿನ

ವಾರದ ಮೊದಲೇ ಎರಡೂ ಕಡೆಯಿಂದ ಒಬ್ಬೊಬ್ಬರ ಹೆಸರು ಕೇಳಿ. "ಚಿಕ್ಕಮ್ಮ ಯಾರು, ಸೋದರಮಾವ ಯಾರು" ಎಂದು ತೋರಿಸುವವರು ಅವರೇ. ಗುಂಪು ಫೋಟೊಗಳ ಪಟ್ಟಿ ಬರೆಸಿಕೊಳ್ಳಿ. ಸೋದರಮಾವನ ಫೋಟೊ ಬಿಟ್ಟುಹೋದರೆ ಉಳಿದ ಮೂರು ಸಾವಿರ ಫೋಟೊ ಲೆಕ್ಕಕ್ಕೆ ಬರುವುದಿಲ್ಲ.

ದೇವಸ್ಥಾನದಲ್ಲಿ ಮದುವೆಯಾದರೆ ಹಿಂದಿನ ದಿನ ಹೋಗಿ ನೋಡಿ. ಇಲ್ಲಿನ ಹಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ಕಳಚಿ ಒಳಗೆ ಹೋಗಬೇಕು, ಒಳಾಂಗಣದಲ್ಲಿ ಕ್ಯಾಮೆರಾ ಬಿಡುವುದಿಲ್ಲ. ಪಂಚೆ ಉಟ್ಟು ಹೋದರೆ ಕೆಲಸ ಸುಲಭ.

ಹಾಲ್ ಒಳಗೆ ತಾಂತ್ರಿಕವಾಗಿ ಕಾಡುವುದು ಬೆಳಕಿನ ಮಿನುಗು. ನಮ್ಮ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಟ್ಯೂಬ್ ಮತ್ತು ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/250ರಲ್ಲಿ ತೆಗೆದರೆ ಒಂದು ಫೋಟೊ ಬೆಳ್ಳಗೆ, ಇನ್ನೊಂದು ಹಳದಿ, ಮತ್ತೊಂದರಲ್ಲಿ ಅಡ್ಡ ಪಟ್ಟಿ. ಶಟರ್ 1/100ಕ್ಕೆ ಇಳಿಸಿ ನೋಡಿ, ಇಲ್ಲವೇ ಕ್ಯಾಮೆರಾದ ಆ್ಯಂಟಿ ಫ್ಲಿಕರ್ ಹಾಕಿ. ವಿಡಿಯೊಗೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50.

ಎಸಿ ಹಾಲ್‌ನಿಂದ ಹೊರಗೆ ಬಂದಾಗ ಲೆನ್ಸ್ ಮಂಜು ಹಿಡಿಯುತ್ತದೆ. ತಣ್ಣಗಿನ ಗಾಜಿಗೆ ಹೊರಗಿನ ಹಸಿ ಗಾಳಿ ತಾಗುವುದೇ ಕಾರಣ. ಒರೆಸಿದರೆ ಮತ್ತೆ ಬರುತ್ತದೆ. ಹೊರಗೆ ದಿಬ್ಬಣದ ಫೋಟೊ ಇದೆ ಎಂದು ಗೊತ್ತಿದ್ದರೆ ಒಂದು ಕ್ಯಾಮೆರಾವನ್ನು ಮೊದಲಿನಿಂದಲೇ ಹೊರಗೆ ಸಹಾಯಕರ ಕೈಯಲ್ಲಿ ಇಡಿ.

ಎರಡೂ ಕಾರ್ಡ್‌ಗೆ ಒಟ್ಟಿಗೆ ಬರೆಯುವ ಹಾಗೆ ಸೆಟ್ ಮಾಡಿ. ಕಾರ್ಯಕ್ರಮದ ನಡುವೆ ಕ್ಯಾಮೆರಾದಲ್ಲಿ ಯಾವ ಫೋಟೊವನ್ನೂ ಅಳಿಸಬೇಡಿ. ಊಟಕ್ಕೆ ಎರಡನೇ ಪಂಕ್ತಿಯಲ್ಲಿ ಕೂರುತ್ತೀರಿ ಎಂದು ಮನೆಯವರಿಗೆ ಮೊದಲೇ ಹೇಳಿ. ಮೊದಲ ಪಂಕ್ತಿಯಲ್ಲಿ ಕೂತಾಗಲೇ ಯಾರೋ ಹಿರಿಯರು ಬಂದು ಹರಸಿ ಹೋಗಿರುತ್ತಾರೆ.

ಹಂತ 10: ಮಲಗುವ ಮೊದಲು ಬ್ಯಾಕಪ್

ಎಷ್ಟೇ ಸುಸ್ತಾಗಿರಲಿ, ಇದನ್ನು ನಾಳೆಗೆ ಇಡಬೇಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ರಾ ಫೈಲ್ 25ರಿಂದ 30 ಎಂಬಿ. ಮೂರು ಸಾವಿರಕ್ಕೆ 75ರಿಂದ 90 ಜಿಬಿ. ಒಂದು ಪ್ರತಿ ಕಂಪ್ಯೂಟರಿಗೆ, ಒಂದು ಹೊರಗಿನ ಡಿಸ್ಕಿಗೆ. ಮೂರನೆಯದು ಬೇರೆ ಮನೆಯಲ್ಲಿ ಇರುವ ಡಿಸ್ಕ್ ಅಥವಾ ಕ್ಲೌಡ್. ಮಳೆಗಾಲದ ಸಿಡಿಲಿಗೆ ಒಂದೇ ಪ್ಲಗ್ಗಿನಲ್ಲಿರುವ ಕಂಪ್ಯೂಟರ್ ಮತ್ತು ಡಿಸ್ಕ್ ಎರಡೂ ಹೋಗಬಹುದು, ಹಾಗಾಗಿ ಕಾಪಿ ಆದ ಮೇಲೆ ಡಿಸ್ಕ್ ಬಿಚ್ಚಿಡಿ. ಎರಡು ಪ್ರತಿಯನ್ನೂ ತೆರೆದು ನೋಡಿದ ನಂತರವೇ ಕಾರ್ಡ್ ಫಾರ್ಮ್ಯಾಟ್, ಅದೂ ಕ್ಯಾಮೆರಾದಲ್ಲೇ.

ಕಾರ್ಡ್ ಓದದಿದ್ದರೆ ಅದಕ್ಕೆ ಮತ್ತೆ ಏನನ್ನೂ ಬರೆಯಬೇಡಿ, "ಫಾರ್ಮ್ಯಾಟ್ ಮಾಡಲೇ" ಎಂದು ಕಂಪ್ಯೂಟರ್ ಕೇಳಿದರೆ ಬೇಡ ಎನ್ನಿ. ಹೊರಗೆ ತೆಗೆದಿಟ್ಟು ರಿಕವರಿ ಮಾಡುವವರ ಬಳಿ ಕೊಂಡೊಯ್ಯಿರಿ.

ಹಂತ 11: ಎಡಿಟಿಂಗ್ ಮತ್ತು ಆಲ್ಬಂ

ಎರಡು ಮೂರು ದಿನದಲ್ಲಿ ಇಪ್ಪತ್ತು ಫೋಟೊ ಕಳಿಸಿ. ಮನೆಯವರು ನೆಂಟರಿಗೆ ತೋರಿಸುವ ಹುರುಪು ಇರುವುದು ಆಗಲೇ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಮೈಬಣ್ಣವನ್ನು ಬೆಳ್ಳಗೆ ಮಾಡುವ ಗೀಳು ಬಿಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಅಪ್ಪ ಅಮ್ಮನ ಬಣ್ಣ ಇದ್ದಂತೆಯೇ ಇರಲಿ.

12×36 ಇಂಚಿನ ಹಾಳೆಗೆ 300 ಡಿಪಿಐ ಎಂದರೆ 3600×10800 ಪಿಕ್ಸೆಲ್. ಹಾಳೆ ಮಡಚುವ ಮಧ್ಯದ ಗೆರೆ 18ನೇ ಇಂಚಿನಲ್ಲಿ. ಅಲ್ಲಿ ಯಾರ ಮುಖವೂ ಬರಬಾರದು. ಗುಂಪು ಫೋಟೊ ಹರಡುವಾಗ ಈ ತಪ್ಪು ಮತ್ತೆ ಮತ್ತೆ ಆಗುತ್ತದೆ. ಅಂಚಿನಿಂದ ಅರ್ಧ ಇಂಚು ಬಿಡಿ, ಕಟಾವಿನಲ್ಲಿ ಹೋಗುತ್ತದೆ.

ಹೆಸರು ಬರೆಯುವಾಗ ಒತ್ತಕ್ಷರ ಒಡೆದು ಹೋಗುವುದು ಇನ್ನೊಂದು ಸಾಮಾನ್ಯ ತೊಂದರೆ. ಫೋಟೊಶಾಪ್‌ನ ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ, ಟೆಕ್ಸ್ಟ್ ಎಂಜಿನನ್ನು ವರ್ಲ್ಡ್ ರೆಡಿ ಲೇಔಟ್ ಎಂದು ಬದಲಿಸಿ, ಪ್ರೋಗ್ರಾಂ ಮುಚ್ಚಿ ತೆರೆಯಿರಿ. ಯುನಿಕೋಡ್ ಕನ್ನಡವೂ ಮಲಯಾಳಂ ಕೂಡ ಸರಿಯಾಗಿ ಕೂರುತ್ತದೆ. ಮುಖಪುಟದ ಹೆಸರನ್ನು ಮನೆಯವರಿಂದಲೇ ಬರೆಸಿ ತರಿಸಿಕೊಳ್ಳಿ, ಊಹಿಸಬೇಡಿ.

ಪ್ರಿಂಟಿಗೆ ಮೊದಲು ಪೂರ್ತಿ ಆಲ್ಬಂ ಫೈಲ್ ಕಳಿಸಿ "ಸರಿ ಇದೆ" ಎಂಬ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅದೇ ದಿನ ಬಾಕಿ ಹಣವನ್ನೂ ಪಡೆಯಿರಿ. ಈ ಎರಡೂ ಆಗದೆ ಲ್ಯಾಬಿಗೆ ಕಳಿಸಿದ ಆಲ್ಬಂ ನಿಮ್ಮ ದುಡ್ಡಿನಲ್ಲಿ ಅಚ್ಚಾದ ಆಲ್ಬಂ.

ಹಂತ 12: ಮಳೆಗಾಲದ ಲೆಕ್ಕ

ಸೀಸನ್‌ನಲ್ಲಿ ಬಂದ ಪ್ರತಿ ಹಣದ ಒಂದು ಭಾಗ ಬೇರೆ ಖಾತೆಗೆ ಹೋಗಲಿ. ಕನಿಷ್ಠ ಮೂರು ತಿಂಗಳ ಮನೆ ಖರ್ಚು ಅಲ್ಲಿ ಇರುವವರೆಗೆ ಹೊಸ ಲೆನ್ಸ್ ಬೇಡ. ಜೂನ್ ಜುಲೈಯಲ್ಲಿ ಉಳಿದ ಆಲ್ಬಂ ಮುಗಿಸಿ, ಕ್ಯಾಮೆರಾ ಸರ್ವೀಸ್ ಮಾಡಿಸಿ, ಹೋಮ್‌ಸ್ಟೇ ಮತ್ತು ಅಂಗಡಿಗಳಿಗೆ ಹೋಗಿ ಮಾತಾಡಿ. ಕಳೆದ ವರ್ಷದ ಮದುವೆಯ ಮನೆಗಳಿಗೆ ಒಂದು ಫೋನ್ ಮಾಡಿ, ಸೀಮಂತ ಅಥವಾ ತಂಗಿಯ ಮದುವೆಯ ಸುದ್ದಿ ಅಲ್ಲೇ ಸಿಗುತ್ತದೆ.

ಹಂತ 4ರ ಲೆಕ್ಕವನ್ನು ಆಗ ಮತ್ತೆ ತೆರೆಯಿರಿ. ಹಣ ಬಂದ ದಿನ ನಿಜವಾಗಿ ಎಷ್ಟು, ಖರ್ಚು ಎಷ್ಟು, ಬಾಕಿ ಉಳಿಸಿದವರು ಯಾರು ಎಂದು ಎದುರಿಗೆ ಬರೆಯಿರಿ. ಮುಖ್ಯ ಮುಹೂರ್ತಗಳೆಲ್ಲ ತುಂಬಿ ಗಿರಾಕಿಗಳನ್ನು ವಾಪಸ್ ಕಳಿಸಬೇಕಾಗಿ ಬಂದಿದ್ದರೆ ಮುಂದಿನ ದೀಪಾವಳಿಗೆ ದರ ಏರಿಸಿ. ಹಳೆಯ ದರಕ್ಕೆ ಅಡ್ವಾನ್ಸ್ ಕೊಟ್ಟವರಿಗೆ ಹಳೆಯ ದರವೇ ಇರಲಿ.